ಎಳೆ

ಇದರ ಹಿಡಿಗೆ ಈಗಿರುವುದು ಸೈಕಲ್ ಟ್ಯೂಬು.
ಮೊದಲಿದ್ದ ಕೆಂಪು ರಬ್ಬರು
ಪಾಸ್ಕಲ್ ಮೇಸ್ತ್ರಿಯ ಬೆವರಿಗೇ ಕರಗಿತು.
ಸ್ಪ್ರಿಂಗು ಕೂಡ ಇದರದ್ದಲ್ಲ,
ಯಾವುದೋ ಲೂನಾದ ಬ್ರೇಕಿನದು.
ಮೂತಿಯಲ್ಲಿ ಒತ್ತುವ ಹಲ್ಲು,
ಹೊಟ್ಟೆಯಲ್ಲಿ ಸುಲಿಯುವ ಐದು ಕಣ್ಣು.

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು, ಒಳಗಿನ ಸಾಲು.
ಬೋರ್ಡಿನಲ್ಲಿ ಇನ್ನೂ ಅವರ ಹೆಸರೇ.
ಕೆಳಗೆ ಯಾರೋ ಮೊಳೆಯಲ್ಲಿ ಗೀಚಿದ್ದಾರೆ:
ವನಮಾಲಕ್ಕನೂ ಮಾಡ್ತಾರೆ.

ಮೊದಲ ಆರು ತಿಂಗಳು ಅವರು ಕಲಿಸಿದ್ದು ಒಂದೇ ಪದ.
ಸಿಪ್ಪೆ ಸುಲಿದೆಯಾ, ಲಗ್ಗಿಗೆ ತೂರಿಸಿ ಒತ್ತಿದೆಯಾ,
ಎಳೆ.
ಕೈಗೆ ಬಂತಾ? ಹಾಗಾದರೆ ಅದು ಜೋಡಣೆಯಲ್ಲ, ಬರೀ ಮಾತು.
ಬರಲಿಲ್ಲವಾ? ಇನ್ನೊಮ್ಮೆ ಎಳೆ.
ತಂತಿಯೊಳಗಿನದೂ ಎಳೆ, ಕೈಗೆ ಹೇಳುವುದೂ ಎಳೆ,
ಇಪ್ಪತ್ತರ ನನ್ನ ಪ್ರಾಯವೂ ಎಳೆ.
ಮೂರಕ್ಕೂ ಅವರದು ಒಂದೇ ದನಿ.

ಶನಿವಾರ ಸಂಜೆ ಇದಕ್ಕೆ ಮೀಯಿಸುವುದು.
ಹಳೇ ಬ್ರಶ್ಶು, ಮುಚ್ಚಳದಷ್ಟು ಸೀಮೆಎಣ್ಣೆ,
ಕಣ್ಣುಗಳಿಂದ ಉದುರುವ ಪಿಸುರು,
ಹಳದಿ, ಹಸಿರು, ಎಂದೋ ಸುಲಿದ ನೇರಳೆ.
ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ,
ಎರಡಾದರೆ ಧೂಳಿಗೆ ಊಟ ಬಡಿಸಿದಂತೆ.
ಜೂನಿನಿಂದ ಗಣಪತಿ ಹಬ್ಬದವರೆಗೆ
ಬನಿಯನ್ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ.
ಈ ಊರಿನ ಗಾಳಿ
ಸಾಲ ವಸೂಲಿಯವನಂತೆ ಕಬ್ಬಿಣದ ಬಾಗಿಲು ಬಡಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ,
ಒಂದು ದಿನ ಟೆಂಪೋದವನ ಅವಸರ,
ಕಟಿಂಗ್ ಪ್ಲೇಯರ್ ಪಕ್ಕದ ಅಂಗಡಿಗೆ ಹೋಗಿತ್ತು,
ಕ್ಲಚ್ಚಿನ ಉಕ್ಕಿನ ತಂತಿಯನ್ನು
ಇದರ ಮೂರನೇ ಕಣ್ಣಿಗಿಟ್ಟು ಎರಡೂ ಕೈಯಲ್ಲಿ ಅಮುಕಿದೆ.
ತುಂಡಾಯಿತು.
ಕಣ್ಣಿನಂಚು ಅರ್ಧ ಎಳ್ಳಿನಷ್ಟು ಒಳಕ್ಕೆ ಮಡಚಿತು.
ಬೆರಳಾಡಿಸಿ ನೋಡಿದೆ, ಗೊತ್ತಾಗಲಿಲ್ಲ ಅಂದುಕೊಂಡೆ.

ಆಮೇಲಿಂದ ಹದಿನಾಲ್ಕೆಳೆಯ ತಂತಿ ಸುಲಿದಾಗೆಲ್ಲ
ಮಡಿಲಿಗೆ ಮೂರೆಳೆ ತಾಮ್ರ ಉದುರುತ್ತಿತ್ತು,
ಕತ್ತರಿಸಿದ ಕೂದಲಿನಂತೆ.
ಕೊಡವಿ ಏಳುತ್ತಿದ್ದೆ.
ಒತ್ತಿದೆ. ಎಳೆದೂ ನೋಡಿದೆ. ಬರಲಿಲ್ಲ.
ಹನ್ನೊಂದೆಳೆಗೂ ಜಗ್ಗಿದರೆ ತಡೆಯುವ ಶಕ್ತಿಯಿದೆ.
ಸುಡದೆ ತಡೆಯುತ್ತದೆಯೇ ಎಂಬುದು
ಕೈಗೆ ತಿಳಿಯುವ ಸಂಗತಿಯಲ್ಲ.

ಕಾರ್ತಿಕದಲ್ಲಿ ಡ್ರೈವರ್ ಕೆರಿಯಪ್ಪ ಬಂದ.
ಬೈಯಲಿಲ್ಲ. ಚಹಾ ತರಿಸು ಅಂದ.
"ಹುಲಿಕಲ್ ಘಾಟಿಯಲ್ಲಿ ಎರಡೂ ಕಣ್ಣು ಹೋದವು ಅಕ್ಕಾ,
ಕಂಡಕ್ಟರ್ ಮುಂದೆ ನಡೆದ, ಮೊಬೈಲ್ ಬೆಳಕು ಹಿಡಿದು.
ಹನ್ನೊಂದು ತಿರುವು. ಎಣಿಸಿದೆ."
ಹನ್ನೊಂದು ಎಂದದ್ದು ಅವನಿಗೆ ಬರೀ ಲೆಕ್ಕ.

ಬಸ್ಸಿನಡಿ ಮಲಗಿ ಟೇಪು ಬಿಚ್ಚಿದೆ.
ಒತ್ತಿದ ಹಲ್ಲಿನ ಓರೆ ಗುರುತು: ನನ್ನದೇ ಅಕ್ಷರ.
ಮೂರೆಳೆ ಬುಡದಲ್ಲೇ ಮೊಟಕು,
ಉಳಿದವು ಕಾದು ಕಾದು ಕರಕಲು.

ಮೇಸ್ತ್ರಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ
ಆ ಕಣ್ಣನ್ನು ಬೆಳಕಿಗೆ ಹಿಡಿದರು,
ಬಹಳ ಹೊತ್ತು.
ಅರ ತರುತ್ತಾರೇನೋ ಅಂದುಕೊಂಡೆ.
ಮನೆಗೆ ಹೋಗಿ ಮಗಳ ಉಗುರುಬಣ್ಣ ತಂದರು,
ಕಡುಗೆಂಪು, ಒಂದು ಬೊಟ್ಟು.
"ಇದಿನ್ನು ಕುರುಡು. ನಾಲ್ಕನೆಯದರಲ್ಲಿ ಸುಲಿ, ನಿಧಾನ."
ಮತ್ತೆ ಬಿಲ್ಲುಪುಸ್ತಕವನ್ನು ನನ್ನ ಮುಂದೆ ತಳ್ಳಿದರು.

ಇಪ್ಪತ್ತಾರು ಗಾಡಿ.
ಸೀಮೆಸುಣ್ಣದಲ್ಲಿ ಗೋಡೆಗೆ ಬರೆದುಕೊಂಡೆ,
ಒಬ್ಬೊಬ್ಬರಿಗೂ ಫೋನು. ಕೆಲವರು ನಕ್ಕರು,
ರಿಪ್ಪನ್‌ಪೇಟೆಯ ಜೀಪಿನವನು ಹಬ್ಬದ ಆಫರಾ ಎಂದು ಕೇಳಿದ.
ಬಂದರು. ಬಿಚ್ಚಿದೆ, ಕತ್ತರಿಸಿದೆ, ಹೊಸದಾಗಿ ಒತ್ತಿದೆ,
ದುಡ್ಡು ಮುಟ್ಟಲಿಲ್ಲ.

ಈಗ ಹುಡುಗನೊಬ್ಬ ಇದ್ದಾನೆ, ಶಿಖರಪ್ಪ,
ಕೆಂಪು ಬೊಟ್ಟು ಯಾಕೆ ಅಂತ ದಿನಾ ಕೇಳುತ್ತಾನೆ.
ಮೊದಲು ಮಡಿಲು ನೋಡಿಕೋ, ಅನ್ನುತ್ತೇನೆ,
ಉದುರಿದ್ದನ್ನು ಎಣಿಸು, ಆಮೇಲೆ ಎಳೆ.

ಗೋಡೆಯಲ್ಲಿ ಅಳಿಸದ ಸಾಲು ಒಂದಿದೆ.
ಆಯನೂರು ಕಡೆಯ ಗೂಡ್ಸ್ ಆಟೋ,
ಫೋನು ಯಾವಾಗಲೂ ಬೇರೆ ಯಾರದೋ.
ಸಂಜೆ ಶಟರ್ ಎಳೆಯುವಾಗ
ಎದುರಿಂದ ಬರುವ ಮೂರು ಚಕ್ರಗಳ ದೀಪ ನೋಡುತ್ತೇನೆ,
ಎರಡೂ ಉರಿಯುತ್ತಿವೆಯೇ ಎಂದು.